ಇಳಿ

ಅವರ ಕೆಳತುಟಿಯ ಮೇಲೆ ಅಡ್ಡಕ್ಕೆ ಒಂದು ಗೆರೆ ಇತ್ತು. ಐವತ್ತು ವರ್ಷ ಆ ತುಟಿಯನ್ನು ಹಲ್ಲಿನ ಮೇಲೆ ಮಡಿಸಿ, ಅದರ ಮೇಲೆ ಕ್ಲಾರಿನೆಟ್ಟಿನ ರೀಡು ಇಟ್ಟು ಊದಿ ಊದಿ ಬಿದ್ದ ಗೆರೆ. ಹೋದ ತಿಂಗಳು ಅವರನ್ನು ಮನೆಯ ಮುಂದೆ ಬೆಂಚಿನ ಮೇಲೆ ಮಲಗಿಸಿದ್ದಾಗ ಮುಖದಲ್ಲಿ ಮಿಕ್ಕಿದ್ದೆಲ್ಲ ಸಡಿಲವಾಗಿತ್ತು, ಆ ಗೆರೆ ಮಾತ್ರ ಹಾಗೇ ಇತ್ತು. ನಾನು ಅದನ್ನೇ ನೋಡುತ್ತ ನಿಂತಿದ್ದೆ. ಹಿಂದೆ ಯಾರೋ ತಮಿಳಿನಲ್ಲಿ ಪಿಸುಗುಡುತ್ತಿದ್ದರು. "ಆ ಗ್ಯಾಸೇ ಇವರನ್ನು ತಿಂದದ್ದು. ಅವತ್ತು ಮೆಟ್ಟಿಲ ಮೇಲಿದ್ದ ಹುಡುಗಿಗೆ ಇವರೇ ಏನೋ ಕೂಗಿ ಹೇಳಿ ಕೆಡಿಸಿದರಂತೆ." ನಾನು ತಿರುಗಿ ನೋಡಲಿಲ್ಲ. ಬಾಯಿ ತೆರೆಯಲಿಲ್ಲ. ಬಾಯಿ ತೆರೆಯದೆ ನಿಂತದ್ದು ಅದು ಮೊದಲ ಸಲವೂ ಅಲ್ಲ.

ಎಲ್ಲರೂ ಅವರನ್ನು ಮಾಸ್ಟರ್ ಎಂದೇ ಕರೆಯುತ್ತಿದ್ದರು. ಹೆಸರು ಬರೆಯುವುದಿಲ್ಲ. ಬರೆದರೆ ಅವರನ್ನು ಬಯ್ದವರು ಯಾರು, ಬಯ್ಯುವಾಗ ಸುಮ್ಮನಿದ್ದವರು ಯಾರು ಎಂಬುದೂ ಊರಿಗೆ ತಿಳಿಯುತ್ತದೆ. ಎರಡನೆಯ ಗುಂಪಿನಲ್ಲಿ ನಾನೊಬ್ಬಳೇ ಇದ್ದೇನೆ.

ತಿರುಪ್ಪೂರಿನ ಒಂದು ಬನಿಯನ್ ಕಂಪನಿಯ ಲ್ಯಾಬಿನಲ್ಲಿ ನನಗೆ ಕೆಲಸ. ಒಗೆದರೆ ಬಟ್ಟೆಯ ಬಣ್ಣ ಬಿಡುತ್ತದೆಯೇ, ಬೆವರಿಗೆ ಬಿಡುತ್ತದೆಯೇ ಎಂದು ಪರೀಕ್ಷೆ ಮಾಡುವುದು. ಓದಿದ್ದು ಎಂ.ಎಸ್ಸಿ. ರಸಾಯನಶಾಸ್ತ್ರ, ಮೈಸೂರಿನಲ್ಲಿ. ಕನ್ನಡ ಅಕ್ಷರ ಕಲಿತದ್ದೂ ಅಲ್ಲಿಯೇ. ಕೋಯಮತ್ತೂರಿನ ನಮ್ಮ ಮನೆಯಲ್ಲಿ ಮುತ್ತಜ್ಜನ ಕಾಲದಿಂದ ಕನ್ನಡ ಆಡುತ್ತಾರೆ, ಓದುವವರು ಯಾರೂ ಇಲ್ಲ. ನಮ್ಮದು ಅಡುಗೆಮನೆಯ ಕನ್ನಡ, ಬಾಗಿಲು ದಾಟಿದರೆ ತಮಿಳು.

ಮಾಸ್ಟರ ಪರಿಚಯವಾದದ್ದೂ ಆ ಅಡುಗೆಮನೆಯ ಕನ್ನಡದಿಂದಲೇ. ಕಂಪನಿಯ ಹಿಂದಿನ ಬೀದಿಯಲ್ಲಿ ಒಂದು ಕಟ್ಟಡದ ಹೊರಗಿನ ಕಬ್ಬಿಣದ ಮೆಟ್ಟಿಲ ಮೇಲೆ ಕೂತು, ಮಧ್ಯಾಹ್ನ ಅಮ್ಮನ ಜತೆ ಫೋನಿನಲ್ಲಿ ಜಗಳವಾಡುತ್ತಿದ್ದೆ. ಮೇಲಿನಿಂದ ಒಂದು ಗಂಡಸಿನ ದನಿ ಬಂತು.

"ಯಾರದು ಕೆಳಗೆ, ನಮ್ಮಾತಲ್ಲಿ ಜಗಳ ಆಡ್ತಿರೋದು?"

ತಲೆ ಎತ್ತಿದೆ. ಬಿಳಿ ಅಂಗಿಯ ತೋಳು ಮಡಿಸಿದ ಒಬ್ಬ ತೆಳ್ಳಗಿನ ಮುದುಕರು ತಾರಸಿಯ ಗೋಡೆಗೆ ಒರಗಿ ನೋಡುತ್ತಿದ್ದರು. ಕೈಯಲ್ಲಿ ಕ್ಲಾರಿನೆಟ್ಟಿನ ಒಂದು ತುಂಡು, ಅದರೊಳಗೆ ಬನಿಯನ್ ವೇಸ್ಟಿನ ಬಟ್ಟೆ ತುರುಕಿ ಒರೆಸುತ್ತಿದ್ದರು.

"ಅಮ್ಮನ ಹತ್ರ ಮಾತಾಡ್ತಿದ್ದೆ" ಅಂದೆ.

"ಕೇಳ್ತು. ಪೂರಾ ಬೀದಿಗೇ ಕೇಳ್ತು. ಒಂದ್ ಮಾತು ಹೇಳ್ಲಾ ಕಣ್ಣು? ನೀನು ಮೂಚ್ಚು ತಗೊಳ್ದೇನೇ ಜಗಳ ಆಡ್ತೀಯ. ಅದ್ಕೇ ನಿಮ್ಮಮ್ಮನೇ ಗೆಲ್ಲೋದು."

ಉಸಿರಿಗೆ ಅವರು ತಮಿಳಿನ ಮೂಚ್ಚು ಎಂದೇ ಹೇಳುತ್ತಿದ್ದರು. ಚಿಕ್ಕವರನ್ನೆಲ್ಲ ಕಣ್ಣು ಎಂದು ಕರೆಯುತ್ತಿದ್ದರು. ನನಗಾಗ ಮೂವತ್ತು ದಾಟಿತ್ತು, ಸಂಗೀತದ ಗಂಧವಿರಲಿಲ್ಲ. ಮುಂದಿನ ಭಾನುವಾರ ಯಾಕೆ ಆ ಮೆಟ್ಟಿಲು ಹತ್ತಿದೆನೋ ಗೊತ್ತಿಲ್ಲ. ನಾಲ್ಕು ವರ್ಷ ಹತ್ತಿದೆ.

ಅವರ ಮನೆಯವರು ಅವಿನಾಶಿಯ ಕಡೆಯ ಒಕ್ಕಲಿಗರು. ಇವರು ಮಾತ್ರ ಹುಡುಗನಾಗಿದ್ದಾಗಲೇ ಸೂಲೂರಿನ ಕಡೆ ಒಂದು ಮಿಲ್ಲಿಗೆ ಫಿಟ್ಟರ್ ಆಗಿ ಹೋದರು. ಆ ಮಿಲ್ಲಿನಲ್ಲಿ ಒಂದು ಬ್ಯಾಂಡ್ ಇತ್ತಂತೆ. ಆಯುಧಪೂಜೆಗೆ, ಮೇಲಧಿಕಾರಿಗಳು ಬಂದಾಗ ಬಾರಿಸುವುದಕ್ಕೆ. ಕ್ಲಾರಿನೆಟ್ ಊದುತ್ತಿದ್ದವರು ಬಿಟ್ಟು ಹೋದಾಗ, ಯಂತ್ರ ಬಿಚ್ಚಿ ಜೋಡಿಸಲು ಬರುವವನಿಗೆ ಇದೂ ಬರುತ್ತದೆ ಎಂದು ಇವರ ಕೈಗೆ ಕೊಟ್ಟರಂತೆ. "ಬಿಚ್ಚೋದು ಒಂದ್ ದಿನದಲ್ಲಿ ಕಲ್ತೆ. ಊದೋದು ಇನ್ನೂ ಕಲೀತಾ ಅವ್ನಿ" ಎನ್ನುತ್ತಿದ್ದರು. ಮಿಲ್ಲು ಮುಚ್ಚಿತು, ಬ್ಯಾಂಡು ಚೆದುರಿತು. ತಾರಸಿಯ ಮೇಲೆ ಶೀಟು ಹಾಕಿದ ಒಂದು ಕೋಣೆಯಲ್ಲಿ ಇವರು ಪಾಠ ಶುರುಮಾಡಿದರು. ಕೆಳಗಿನ ಅಂತಸ್ತು ಬನಿಯನ್ ಪ್ಯಾಕಿಂಗಿನವರದು. ಹಿಂದಿನ ಗೋಡೆಯಾಚೆ ಬಟ್ಟೆ ಬಿಳಿ ಮಾಡುವ ಒಂದು ಪಟ್ಟರೆ, ಸಣ್ಣ ಕಾರ್ಖಾನೆ.

ಮೊದಲ ಎರಡು ತಿಂಗಳು ಅವರು ಯಾರ ಕೈಗೂ ಕ್ಲಾರಿನೆಟ್ ಕೊಡುತ್ತಿರಲಿಲ್ಲ. ಚಾಪೆಯ ಮೇಲೆ ಅಂಗಾತ ಮಲಗಿಸುತ್ತಿದ್ದರು. ಕೆಳಗಿನವರು ಬೇಡವೆಂದು ಬಿಟ್ಟ ಬನಿಯನ್ನುಗಳನ್ನು ಮಡಿಸಿ, ಒಂದರ ಮೇಲೊಂದು ಹತ್ತರ ಅಡುಕು ಮಾಡಿ ಹೊಟ್ಟೆಯ ಮೇಲೆ ಇಡುತ್ತಿದ್ದರು. ಒಂದರ ಎದೆಯ ಮೇಲೆ ಯಾವುದೋ ದೇಶದ ಭಾಷೆಯ ಅಕ್ಷರ ತಲೆಕೆಳಗಾಗಿ ಅಚ್ಚಾಗಿರುತ್ತಿತ್ತು. ಆಮೇಲೆ ನಮಗೆ ಬೆನ್ನು ಹಾಕಿ, ಮೆಟ್ಟಿಲ ಕಡೆ ನೋಡುತ್ತ ಕೂತು, ಒಂದೇ ಒಂದು ಮಾತು ಹೇಳುತ್ತಿದ್ದರು.

"ಇಳಿ."

ನಾವು ಉಸಿರು ತೆಗೆದುಕೊಳ್ಳಬೇಕು. ಹೆಗಲು ಅಲುಗಬಾರದು, ಬನಿಯನ್ನುಗಳು ಏಳಬೇಕು.

ಆ ಮಾತಿನ ಬಗ್ಗೆ ಹೇಳಲೇಬೇಕು. ತಮಿಳಿನಲ್ಲಿ ಉಸಿರೆಳೆದುಕೋ ಅನ್ನುವಾಗ ಬಳಸುವ ಮಾತು ನಮ್ಮ ಕಡೆಯವರ ಬಾಯಲ್ಲಿ 'ಇಳು' ಎಂದು ಕೇಳುತ್ತದೆ. ಮಾಸ್ಟರ ಮನೆಮಾತಿನ ನಾಲಗೆಗೆ ಸಿಕ್ಕಿ ಅದು 'ಇಳಿ' ಆಗಿಹೋಗಿತ್ತು. ಮನೆಮಾತಿನಲ್ಲಿ ಇಳಿ ಎಂದರೆ ಬೇರೆಯೇ, ಕೆಳಗೆ ಬಾ ಎಂದು. ನಾನು ಇದನ್ನು ಮೊದಲ ವಾರವೇ ಹೇಳಿ ನಕ್ಕಿದ್ದೆ. ಅವರು ನಗಲಿಲ್ಲ, ಖುಷಿಪಟ್ಟರು.

"ನಂಗೂ ಗೊತ್ತು ಕಣ್ಣು. ತಮಿಳ್ನಲ್ಲಿ ಎಳ್ಕೋ ಅಂತಾಯ್ತು, ನಮ್ಮಾತಲ್ಲಿ ಕೆಳಿಕ್ಕೆ ಹೋಗು ಅಂತಾಯ್ತು. ಎಳ್ಕೊಂಡ ಮೂಚ್ಚು ಎದೇಲಿ ನಿಲ್ಲಬಾರ್ದು, ಹೊಟ್ಟೆಗೆ ಹೋಗ್ಬೇಕು. ಎರಡು ಭಾಷೆ ಸೇರ್ಕೊಂಡು ಒಂದೇ ಮಾತಲ್ಲಿ ಪಾಠ ಮುಗಿಸ್ಬಿಟ್ಟವೆ. ಇನ್ನು ಮಾಸ್ಟರ್ ಯಾಕೆ ಬೇಕು ಹೇಳು?"

ಅವರ ಇಡೀ ಪಾಠ ಅಷ್ಟೇ ಎಂದರೂ ನಡೆಯುತ್ತದೆ. ಊದುವುದನ್ನು ಯಾರಿಗೂ ಕಲಿಸಬೇಕಾಗಿಲ್ಲ ಎನ್ನುತ್ತಿದ್ದರು. ಹುಟ್ಟಿದ ಕೂಸು ಅಳುವಾಗ ಊದುತ್ತಲೇ ಇರುತ್ತದೆ. ಕಲಿಯಬೇಕಾದದ್ದು ಒಳಗೆ ತೆಗೆದುಕೊಳ್ಳುವುದನ್ನು. ಹೆದರಿ ತೆಗೆದುಕೊಂಡರೆ ಹೆದರಿದ ನಾದ ಬರುತ್ತದೆ. ಅವಸರದಲ್ಲಿ ತೆಗೆದುಕೊಂಡರೆ ರೀಡು ಕೀಚೆನ್ನುತ್ತದೆ. ಸ್ವರ ತಪ್ಪಿದರೆ ಅವರು ಬಯ್ಯುತ್ತಿರಲಿಲ್ಲ. ನಡುವೆ ಕದ್ದು ಅರ್ಧ ಉಸಿರು ತೆಗೆದುಕೊಂಡರೆ, ಬೆನ್ನು ಹಾಕಿ ಕೂತವರು ಹಾಗೆಯೇ "ಯಾರಪ್ಪಾ ಕಳ್ಳ?" ಎನ್ನುತ್ತಿದ್ದರು. ಬೆರಳನ್ನು ನೋಡುತ್ತಲೇ ಇರಲಿಲ್ಲ. ಬೆರಳು ಚೆನ್ನಾಗಿ ನಟನೆ ಮಾಡುತ್ತದಂತೆ, ಹೊಟ್ಟೆಗೆ ನಟನೆ ಬರುವುದಿಲ್ಲವಂತೆ.

ಮದುವೆ ಬ್ಯಾಂಡಿನ ಮುರುಗೇಶ ಎಂಬ ನಲವತ್ತು ವರ್ಷದವನೊಬ್ಬ ಬಂದಿದ್ದ. ಒಂದು ತಿಂಗಳಲ್ಲಿ ನಾಲ್ಕು ಹೊಸ ಹಾಡು ಬೇಕಿತ್ತು ಅವನಿಗೆ. ಅವನನ್ನೂ ಬನಿಯನ್ನುಗಳ ಕೆಳಗೆ ಮಲಗಿಸಿದರು. ಎರಡನೆಯ ಭಾನುವಾರ ಅವನು ಗೊರಕೆ ಹೊಡೆಯತೊಡಗಿದ. ನಾವು ಎಬ್ಬಿಸಲು ಹೋದರೆ ಮಾಸ್ಟರ್ ತಡೆದರು. "ಸುಮ್ಕಿರಿ. ಈಗ ನೋಡಿ ಹೊಟ್ಟೆ. ಎದ್ದಿದ್ದಾಗ ಒಂದ್ ದಿನಾನೂ ಇಷ್ಟು ಚಂದವಾಗಿ ಇಳೀಲಿಲ್ಲ ಇವನು." ಅಷ್ಟರಲ್ಲಿ ಮೇಲಿನ ಬನಿಯನ್ನು ಜಾರಿ ನೆಲಕ್ಕೆ ಬಿತ್ತು. ಅಡುಕು ಬಿದ್ದರೆ ತಪ್ಪು ಎಂದುಕೊಂಡಿದ್ದೆವು ನಾವು. ಅವರು ಅದನ್ನು ಎತ್ತಿಕೊಂಡು ಕೊಡವಿ, "ಬಿತ್ತು ಅಂದ್ರೆ ಎದ್ದಿತ್ತು ಅಂತ" ಎಂದು ಮತ್ತೆ ಇಟ್ಟರು.

ಇನ್ನೊಂದು ಸಂಗತಿ. ಅವರು ಆ ಮಾತನ್ನು ಎರಡು ಸಲ ಹೇಳುತ್ತಿರಲಿಲ್ಲ. ಒಂದೇ ಸಲ, ಮೆಲ್ಲಗೆ. ನೀವು ಎಲ್ಲೋ ನೋಡುತ್ತಿದ್ದರೆ ನಿಮ್ಮ ಸರದಿ ಹೋಯಿತು.

ಆರು ತಿಂಗಳಾಗುವಷ್ಟರಲ್ಲಿ ಆ ಮಾತು ಕೇಳಿದರೆ ನಮಗೆ ಅರಿವಿಲ್ಲದೆಯೇ ಉಸಿರು ಒಳಗೆ ಹೋಗುತ್ತಿತ್ತು. ನಡೆಯುತ್ತಿರಲಿ, ಟೀ ಕುಡಿಯುತ್ತಿರಲಿ. ಅವರು ಬೇಕೆಂದೇ ನಡುವೆ ಹೇಳಿ ಪರೀಕ್ಷೆ ಮಾಡುತ್ತಿದ್ದರು. ಒಮ್ಮೆ ನನಗೆ ರೇಗಿತ್ತು.

"ಇದೇನ್ ಮಾಸ್ಟರ್, ಡ್ರಿಲ್ ಥರ? ನಾವಾಗೇ ಉಸಿರಾಡೋದು ಯಾವಾಗ?"

"ನಾನು ಸತ್ ಮೇಲೆ."

"ತಮಾಷೆ ಬೇಡ."

"ತಮಾಷೆ ಅಲ್ಲ ಸಾಮಿ. ಯೋಚ್ನೆ ಬಂತೋ, ಮೂಚ್ಚು ಎದೇಲೇ ಸಿಕ್ಕಾಕ್ಕೊಳ್ತದೆ. ನನ್ ಮಾತು ಕಿವಿಗೆ ಬಿದ್ರೆ ಸೀದಾ ಹೊಟ್ಟೆಗೆ ಹೋಗ್ಬೇಕು. ತಲೆಗೆ ಹೋಗ್ಬಾರ್ದು. ಓದಿದೋಳು ನೀನು, ನಿಂಗೆ ಕಷ್ಟ. ಅಲ್ಲಿ ನೋಡು, ನಮ್ಮ ತೇನು ನೋಡಿ ಕಲಿ."

ತೇನ್‌ಮೊಳಿ ಎಂಬ ಹನ್ನೆರಡು ವರ್ಷದ ಹುಡುಗಿಯನ್ನು ಅವರು ತೇನು ಎನ್ನುತ್ತಿದ್ದರು. ಅವಳ ತಾಯಿ ಒಂದು ಕಂಪನಿಯಲ್ಲಿ ಬನಿಯನ್ ಚೆಕಿಂಗ್ ಮಾಡುತ್ತಾರೆ. ತಾಯಿ ಮಗಳಿಬ್ಬರೂ ತಮಿಳರು, ಕನ್ನಡದ ಒಂದು ಮಾತೂ ಬರುವುದಿಲ್ಲ. ತೇನು ನಮ್ಮಲ್ಲೆಲ್ಲ ಅತ್ಯಂತ ಚಿಕ್ಕವಳು, ಅತ್ಯಂತ ಉದ್ದ ಊದುವವಳು. ಮಾಸ್ಟರ್ ತಮ್ಮ ನಾಲ್ಕು ಕ್ಲಾರಿನೆಟ್ಟುಗಳಲ್ಲಿ ಹಳೆಯದನ್ನು, ಮಿಲ್ಲಿನ ಕಾಲದ್ದನ್ನು, ಅವಳಿಗೇ ಕೊಟ್ಟಿದ್ದರು. ಅವಳು ಷಡ್ಜ ಹಿಡಿದು ನಿಂತರೆ ಕೆಳಗೆ ಪ್ಯಾಕಿಂಗಿನವರು ಟೇಪು ಹರಿಯುವುದನ್ನು ನಿಲ್ಲಿಸುತ್ತಿದ್ದರು.

ಈಗ ಆ ಭಾನುವಾರದ ಬೆಳಿಗ್ಗೆ. ಎಷ್ಟು ಸಲ ಮನಸ್ಸಿನಲ್ಲಿ ಓಡಿಸಿದರೂ ಅದು ನನಗೆ ಬೇಕಾದ ಹಾಗೆ ಮುಗಿಯುವುದಿಲ್ಲ.

ನಾನು ತಡವಾಗಿ ಬಂದಿದ್ದೆ. ಕಟ್ಟಡದ ಎದುರು, ರಸ್ತೆಯಾಚೆ ಟೀ ಅಂಗಡಿಯ ಹತ್ತಿರ ಗಾಡಿ ನಿಲ್ಲಿಸುತ್ತಿದ್ದೆ. ಹಿಂದಿನ ಪಟ್ಟರೆಯ ಗೇಟಿನಿಂದ ನಾಲ್ಕೈದು ಜನ ಬಾಯಿಗೆ ಬಟ್ಟೆ ಒತ್ತಿಕೊಂಡು ಓಡಿಬಂದರು. ಒಬ್ಬ ರಸ್ತೆಯ ನಡುವೆಯೇ ಕುಸಿದು ಕೂತು ವಾಂತಿ ಮಾಡಿದ. "ಸಿಲಿಂಡರ್, ಸಿಲಿಂಡರ್" ಎಂದು ಯಾರೋ ಕೂಗಿದರು. ಬಟ್ಟೆ ಬಿಳಿ ಮಾಡಲು ತಂದಿಟ್ಟಿದ್ದ ಕ್ಲೋರಿನ್ನಿನ ಹಳೆಯ ಸಿಲಿಂಡರ್ ಸೋರಿತ್ತು. ವಾಸನೆ ಮೂಗಿಗೆ ಬಡಿಯುವ ಮೊದಲೇ ನನಗೆ ಕಂಡಿತು. ಹಿಂದಿನ ಗೋಡೆಯ ಮೇಲಿಂದ ತೆಳುವಾದ ಹಳದಿ ಹಸಿರು ಹೊಗೆ ನೀರು ತುಳುಕಿದ ಹಾಗೆ ಕಟ್ಟಡದ ಅಂಗಳಕ್ಕೆ ಸುರಿಯುತ್ತಿತ್ತು. ಸುರಿದು ನೆಲದ ಮೇಲೆ ಹರಡಿ, ಕಬ್ಬಿಣದ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತುತ್ತಿತ್ತು. ಭಾನುವಾರವಾದ್ದರಿಂದ ಪ್ಯಾಕಿಂಗಿನವರು ಇರಲಿಲ್ಲ. ಗಾಳಿ ನನ್ನ ಬೆನ್ನ ಕಡೆಯಿಂದ ಬೀಸುತ್ತಿತ್ತು, ನಾನಿದ್ದಲ್ಲಿಗೆ ಅದು ಬರಲಿಲ್ಲ.

ಮೆಟ್ಟಿಲಿನ ನಡುವಿನ ಕಟ್ಟೆಯ ಮೇಲೆ ತೇನು ನಿಂತಿದ್ದಳು. ಗಲಾಟೆ ಕೇಳಿ ನೋಡಲು ತಾರಸಿಯಿಂದ ಅರ್ಧ ಕೆಳಗೆ ಬಂದಿದ್ದಳು. ಕೈಯಲ್ಲಿ ಕ್ಲಾರಿನೆಟ್.

ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ತಗ್ಗಿಗೆ ಹೋಗುತ್ತದೆ. ಸೋರಿದರೆ ಎತ್ತರಕ್ಕೆ ಹತ್ತಬೇಕು. ಇದನ್ನು ನಾನು ಪರೀಕ್ಷೆಯಲ್ಲಿ ಬರೆದಿದ್ದೇನೆ, ಲ್ಯಾಬಿನಲ್ಲಿ ಹೊಸಬರಿಗೆ ಹೇಳಿಕೊಟ್ಟಿದ್ದೇನೆ. ಆ ಹೊತ್ತು ತಲೆಯಲ್ಲಿ ಅದು ಯಾವುದೂ ಇರಲಿಲ್ಲ. ಹುಡುಗಿ ಅಲ್ಲಿ, ನಾನು ಇಲ್ಲಿ, ಅವಳು ನನ್ನ ಹತ್ತಿರ ಬರಬೇಕು, ಅಷ್ಟೇ ಇತ್ತು. ಹೆದರಿದಾಗ ಮನುಷ್ಯರು ತಾಯಿಯ ಭಾಷೆಗೆ ಓಡುತ್ತಾರಂತೆ. ನಾನೂ ಓಡಿದೆ.

"ತೇನೂ! ಇಳಿ! ಇಳಿ! ಇಳಿ!"

ಅವಳು ತಿರುಗಿ ಇಳಿದು ಬರಲಿಲ್ಲ. ಮೇಲಕ್ಕೂ ಓಡಲಿಲ್ಲ. ನಿಂತಳು. ಬೆನ್ನು ನೇರವಾಯಿತು, ಹೆಗಲು ಅಲುಗಲಿಲ್ಲ, ಕಣ್ಣು ಮುಚ್ಚಿತು. ಪಾಠದಲ್ಲಿ ಹೇಗೋ ಹಾಗೆಯೇ, ಹೊಟ್ಟೆ ತುಂಬ ಉಸಿರೆಳೆದುಕೊಂಡಳು. ಹೊಗೆ ಆಗಲೇ ಆ ಕಟ್ಟೆಯನ್ನು ಮುಟ್ಟಿತ್ತು.

ಕ್ಲಾರಿನೆಟ್ ಮೆಟ್ಟಿಲ ಮೇಲೆ ಟಣ್ ಟಣ್ ಎಂದು ಬಿದ್ದು ಹೋದ ಸದ್ದು ರಸ್ತೆಯಾಚೆಗೂ ಕೇಳಿಸಿತು.

ಆಮೇಲೆ ಮಾಸ್ಟರ್ ತಾರಸಿಯ ಅಂಚಿಗೆ ಬಂದರು. ಒಂದು ಸಲ ಕೆಳಗೆ ನೋಡಿದರು. ಒಳಗಿದ್ದವರಿಗೆ "ನೀರಿನ ಟ್ಯಾಂಕಿನ ಮೇಲೆ ಹತ್ತಿ, ಎಲ್ಲರೂ ಹತ್ತಿ" ಎಂದು ತಮಿಳಿನಲ್ಲಿ ಕೂಗಿದರು. ರಸಾಯನಶಾಸ್ತ್ರ ಓದದವರಿಗೆ ಅದು ಹೊಳೆಯಿತು. ಆಮೇಲೆ ಅವರು ಉಸಿರು ತೆಗೆದುಕೊಂಡದ್ದು ನನಗೆ ಕಂಡಿತು. ಬಿಳಿ ಅಂಗಿಯ ಮುಂಭಾಗ ಮೆಲ್ಲಗೆ ಉಬ್ಬಿತು. ಎಪ್ಪತ್ತು ದಾಟಿದವರು ಹನ್ನೊಂದು ಮೆಟ್ಟಿಲು ಇಳಿದರು, ಹುಡುಗಿಯನ್ನು ಹೆಗಲಿಗೆ ಹಾಕಿಕೊಂಡರು, ಹತ್ತತೊಡಗಿದರು. ಒಂದೇ ಉಸಿರು. ನಾನು ಎಣಿಸುತ್ತಿದ್ದೆ. ಎಂಟನೆಯ ಮೆಟ್ಟಿಲಿನಲ್ಲಿ ಅವರ ಕಾಲು ತಡವರಿಸಿತು. ಅವರ ಬಾಯಿ ತೆರೆಯಿತು. ಹೊಗೆ ಅವರ ಹಿಂದೆಯೇ ಹತ್ತಿ ಬಂದಿತ್ತು.

ಆಸ್ಪತ್ರೆಯಲ್ಲಿ ಇಬ್ಬರನ್ನೂ ಅಕ್ಕಪಕ್ಕದ ವಾರ್ಡುಗಳಲ್ಲಿ ಇಟ್ಟಿದ್ದರು. ಮಧ್ಯಾಹ್ನದ ಹೊತ್ತಿಗೆ ತೇನುವಿನ ತಾಯಿ ಮಾಸ್ಟರ ಮಂಚದ ಹತ್ತಿರ ಬಂದರು. ನಾನು ಅಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದೆ. ಆ ತಾಯಿ ತಮಿಳಿನಲ್ಲಿ ಆಡಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನನ್ನ ಮಗಳು ಓಡದೆ ಅಲ್ಲೇ ಯಾಕೆ ನಿಂತಳು? ಟೀ ಅಂಗಡಿಯವನು ಹೇಳಿದ, ಗಲಾಟೆಯಲ್ಲಿ ಯಾರೋ ಇಳಿ ಇಳಿ ಅಂತ ಕೂಗಿದರಂತೆ, ಯಾರೆಂದು ಅವನು ನೋಡಲಿಲ್ಲವಂತೆ. ಆ ಮಾತು ನಿಮ್ಮ ಕ್ಲಾಸಿನದಲ್ಲವಾ? ಮನೆಯಲ್ಲೂ ಹೇಳಿಕೊಂಡು ಹೊಟ್ಟೆ ಉಬ್ಬಿಸುತ್ತಾಳೆ. ಯಾರು ಕೂಗಿದ್ದು?"

ಮಾಸ್ಟರ್ ನನ್ನನ್ನು ನೋಡಲಿಲ್ಲ. ಮುಖದ ಮೇಲಿನ ಆಮ್ಲಜನಕದ ಮಾಸ್ಕನ್ನು ಸರಿಸಿದರು.

"ನಾನೇಮ್ಮಾ" ಅಂದರು. "ಅಭ್ಯಾಸ. ಬಾಯಿಗೆ ಬಂದುಬಿಟ್ಟಿತು."

ಆ ತಾಯಿ ಅಂದದ್ದನ್ನೆಲ್ಲ ಬರೆಯುವುದಿಲ್ಲ. ಹುಚ್ಚು ಮುದುಕ ಎಂದರು. ಮಕ್ಕಳನ್ನು ಸರ್ಕಸ್ಸಿನ ಪ್ರಾಣಿ ಮಾಡಿದ್ದೀಯ ಎಂದರು. ಮಾಸ್ಟರ್ ತಲೆ ಆಡಿಸುತ್ತ ಕೇಳಿದರು. ನನ್ನ ಕೈಯಲ್ಲಿ ಬಾಟಲಿ ಇತ್ತು, ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದೆ.

ಮಾಸ್ಟರ್ ಮನೆಗೆ ಬಂದ ಮೇಲೆ ಕ್ಲಾಸು ಮತ್ತೆ ನಡೆಯಲಿಲ್ಲ. ತಂದೆತಾಯಿಯರು ಮಕ್ಕಳನ್ನು ಕಳಿಸಲಿಲ್ಲ, ಮುರುಗೇಶನೂ ಬರಲಿಲ್ಲ. ಮಾಸ್ಟರಿಗೂ ನಾಲ್ಕು ಮಾತಾಡಿದರೆ ಏದುಸಿರು ಬರುತ್ತಿತ್ತು. ಅವಿನಾಶಿಯ ಕಡೆಯ ಮಗಳ ಮನೆಗೆ ಹೋದರು. ಭಾನುವಾರಗಳಲ್ಲಿ ನಾನು ಅಲ್ಲಿಗೆ ಹೋಗುತ್ತಿದ್ದೆ. ಹೋದ ಮೊದಲ ದಿನವೇ ಕೇಳಿದೆ.

"ಯಾಕ್ ಮಾಸ್ಟರ್ ಹಂಗೆ ಹೇಳಿದ್ರಿ?"

"ಹೆಂಗೆ?"

"ನೀವೇ ಕೂಗಿದ್ದು ಅಂತ."

ಬಿಸಿನೀರು ಗುಟುಕರಿಸಿ, ಲೋಟ ಕೆಳಗಿಟ್ಟು ಹೇಳಿದರು. "ನೀನು ಆಡಿದ್ದು ಮನೆ ಮಾತು. ಅವ್ಳು ಕೇಳಿದ್ದು ನನ್ ಮಾತು. ಅವ್ಳ ಹೊಟ್ಟೆಗೆ ಅದನ್ನ ಇಟ್ಟೋನು ಯಾರು? ನಾನು. ಮತ್ತೆ ಸುಳ್ಳೆಲ್ಲಿ ಹೇಳ್ದೆ?"

"ನಾನು ಹೋಗಿ ಅವ್ರಮ್ಮಂಗೆ ನಿಜ ಹೇಳ್ತೀನಿ."

"ಬ್ಯಾಡ ಕಣ್ಣು. ಬಯ್ಯಕ್ಕೆ ಒಬ್ರು ಸಾಕು ಆಯಮ್ಮಂಗೆ. ಇಬ್ರಾದ್ರೆ ದಣಿವಾಗ್ತದೆ."

ಅದು ತಮಾಷೆ. ನಾನು ನಗಲಿಲ್ಲ. ಆದರೂ ಹೋಗಿ ಹೇಳಲಿಲ್ಲ. ಬೇಡ ಎಂದರಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅವರು ಬೇಡ ಎಂದದ್ದಕ್ಕೆ ಅಲ್ಲ, ಬೇಡ ಎಂದದ್ದು ನನಗೆ ಅನುಕೂಲವಾಗಿತ್ತು.

ಇನ್ನೊಂದು ಭಾನುವಾರ ನಾನು ಏನೂ ಕೇಳದಿದ್ದರೂ ಅವರೇ ಶುರುಮಾಡಿದರು. ಒಂದೊಂದು ಮಾತಿಗೂ ನಿಂತು, ಸುಧಾರಿಸಿಕೊಂಡು ಆಡುತ್ತಿದ್ದರು. ಕದ್ದ ಉಸಿರಿಗೆ ಬಯ್ಯುತ್ತಿದ್ದವರು ಈಗ ಬರಿಯ ಕದ್ದ ಉಸಿರಿನಲ್ಲೇ ಬದುಕುತ್ತಿದ್ದರು.

"ತಲೆಗೆ ಹೋಗ್ಬಾರ್ದು, ತಲೆಗೆ ಹೋಗ್ಬಾರ್ದು ಅಂತ ಎಷ್ಟು ಜನಕ್ಕೆ ಹೇಳ್ದೆ. ನಂಗೆ ಅದೇ ಚಂದ ಕಂಡಿತ್ತು. ಮಿಷಿನ್ ಹಂಗೆ, ಸ್ವಿಚ್ ಹಾಕಿದ್ರೆ ಓಡ್ಬೇಕು. ನಾನು ಫಿಟ್ಟರ್ ಅಲ್ವಾ." ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿದರು. "ಅರ್ಧ ಚಣ ಬಿಟ್ಟಿರಬೇಕಿತ್ತು. ಯಾರು ಹೇಳ್ತಾವ್ರೆ, ಯಾಕ್ ಹೇಳ್ತಾವ್ರೆ ಅಂತ ಆ ಕೂಸು ತಿರುಗಿ ನೋಡಕ್ಕೆ. ಅರ್ಧ ಚಣ. ನಾದ ಏನೂ ಕೆಡ್ತಿರ್ಲಿಲ್ಲ."

ನಾನು ಹೋದಾಗಲೆಲ್ಲ ಅವರು ಕೇಳುತ್ತಿದ್ದದ್ದು ಒಂದೇ. "ತೇನು ಊದ್ತಾಳಾ?"

ಇಲ್ಲ ಎನ್ನುತ್ತಿದ್ದೆ. ಅವಳ ಶಾಲೆಯ ಟೀಚರೊಬ್ಬರು ನನಗೆ ಗೊತ್ತು, ಅವರಿಂದ ಸುದ್ದಿ ಬರುತ್ತಿತ್ತು. ಶ್ವಾಸಕೋಶ ಸರಿಹೋಗಿದೆ ಎಂದು ಡಾಕ್ಟರು ಹೇಳಿದ್ದರಂತೆ. ಆದರೆ ಅವಳ ಉಸಿರು ಅರ್ಧಕ್ಕೆ ಬಂದು ನಿಲ್ಲುತ್ತದೆ. ಓಡುವುದಿಲ್ಲ, ಗಟ್ಟಿಯಾಗಿ ಓದುವುದಿಲ್ಲ. ಭಯ, ತಾನಾಗಿ ಹೋಗಬೇಕು ಎಂದರಂತೆ. ಬಿದ್ದು ಬೆರಳೊತ್ತುವ ಕೀಲಿ ಬಗ್ಗಿದ ಆ ಹಳೆಯ ಕ್ಲಾರಿನೆಟ್ಟನ್ನು ಮಾಸ್ಟರ್ ಆ ಏದುಸಿರಿನಲ್ಲೇ ಕೂತು ರಿಪೇರಿ ಮಾಡಿ, ನನ್ನ ಕೈಯಲ್ಲಿ ಕೊಟ್ಟು ಕಳಿಸಿದ್ದರು. ಅವಳ ತಾಯಿ ಬಾಗಿಲಲ್ಲೇ ತೆಗೆದುಕೊಂಡು ಬಾಗಿಲು ಹಾಕಿದ್ದರು. ಆವತ್ತೂ ನಾನು ಏನೂ ಹೇಳಲಿಲ್ಲ.

ಚಳಿ ಬಂದಾಗ ಮಾಸ್ಟರಿಗೆ ಕಫ ಕಟ್ಟಿತು. ಹತ್ತು ದಿನ ಆಸ್ಪತ್ರೆಯಲ್ಲಿದ್ದರು. ಕೊನೆಯ ಸಲ ನೋಡಲು ಹೋದಾಗ ಮಾತು ಬರುತ್ತಿರಲಿಲ್ಲ. ಹುಬ್ಬು ಎತ್ತಿ ಕೇಳಿದರು. ಏನೆಂದು ಗೊತ್ತಿತ್ತು. ಊದುತ್ತಾಳೆ ಎಂದು ಹೇಳಬಹುದಿತ್ತು. ಅಷ್ಟು ಹೊತ್ತಿಗೆ ನನ್ನ ಪಾಲಿನ ಸುಳ್ಳು ಮುಗಿದಿತ್ತು ಅನ್ನಿಸಿತು. "ಇನ್ನೂ ಇಲ್ಲ ಮಾಸ್ಟರ್" ಅಂದೆ. ಅವರು ಕಣ್ಣು ಮುಚ್ಚಿಕೊಂಡರು. ಮಾರನೆಯ ದಿನ ಬೆಳಿಗ್ಗೆ ಹೋದರು.

ತಿಥಿಯೆಲ್ಲ ಮುಗಿದ ಮೇಲಿನ ಭಾನುವಾರ, ಬೆಳಿಗ್ಗೆ ಹತ್ತರ ಹೊತ್ತಿಗೆ, ನಾನು ತೇನುವಿನ ಮನೆಗೆ ಹೋದೆ. ಒಂದೇ ಸಾಲಿನಲ್ಲಿ ಎಂಟು ಮನೆಗಳಿರುವ ಕಾಂಪೌಂಡು. ತಾಯಿ ಬಾಗಿಲಲ್ಲಿ ಕೂತು ಈರುಳ್ಳಿ ಬಿಡಿಸುತ್ತಿದ್ದರು. ತೇನು ಒಳಗೆ ಚಾಪೆಯ ಮೇಲೆ ಶಾಲೆಯ ಪುಸ್ತಕ ಹರಡಿಕೊಂಡಿದ್ದಳು. ಒಂದು ವರ್ಷದಲ್ಲಿ ಉದ್ದವಾಗಿದ್ದಳು. ನಾನು ನಿಂತುಕೊಂಡೇ ತಮಿಳಿನಲ್ಲಿ ಹೇಳಿದೆ. ಆವತ್ತು ಕೂಗಿದ್ದು ಮಾಸ್ಟರ್ ಅಲ್ಲ, ನಾನು. ನಮ್ಮ ಭಾಷೆಯಲ್ಲಿ ಆ ಮಾತಿಗೆ ಕೆಳಗೆ ಬಾ ಎಂದು ಅರ್ಥ. ಬಾ ಎಂದು ಕರೆದೆ.

ಆ ತಾಯಿ ಚಾಕುವನ್ನು ತಟ್ಟೆಯಲ್ಲಿಟ್ಟರು.

"ಒಂದು ವರ್ಷ" ಅಂದರು.

ನಾನು ತಲೆಯಾಡಿಸಿದೆ.

"ಆ ಮನುಷ್ಯನಿಗೆ ನಾನು ಏನೆಲ್ಲ ಅಂದೆ, ನೀನು ಪಕ್ಕದಲ್ಲೇ ನಿಂತಿದ್ದೆ. ಸಾವಿಗೂ ನಾನು ಹೋಗಲಿಲ್ಲ. ಒಂದು ವರ್ಷ ಬಾಯಲ್ಲಿ ಏನು ಇಟ್ಟುಕೊಂಡಿದ್ದೆ?"

ಅವರು ಎದ್ದು ಒಳಗೆ ಹೋಗಿ ನಲ್ಲಿ ತಿರುಗಿಸಿದರು. ನೀರು ಸುಮ್ಮನೆ ಬೀಳುತ್ತಿತ್ತು.

"ನನಗೆ ಗೊತ್ತಿತ್ತು ಅಕ್ಕಾ" ಎಂದಳು ತೇನು.

"ಏನು?"

"ನೀವೇ ಅಂತ. ಮಾಸ್ಟರ್ ಎರಡು ಸಲ ಹೇಳುವುದಿಲ್ಲವಲ್ಲ. ನೀವು ಮೂರು ಸಲ ಹೇಳಿದಿರಿ." ಪುಸ್ತಕದ ಮೂಲೆಯನ್ನು ಮಡಿಸುತ್ತಿದ್ದಳು. "ಆದರೆ ಮೊದಲನೆಯದಕ್ಕೇ ಉಸಿರು ಹೋಗಿಬಿಟ್ಟಿತ್ತು. ಗೊತ್ತಾದದ್ದು ಆಮೇಲೆ."

"ಅಮ್ಮನಿಗೆ ಯಾಕೆ ಹೇಳಲಿಲ್ಲ?"

"ಆಸ್ಪತ್ರೆಯ ವರಾಂಡಾದಲ್ಲಿ ಮಾಸ್ಟರ್ ಸಿಕ್ಕಿದ್ದರು. ಅಕ್ಕ ತಾನಾಗಿ ಬಂದು ಹೇಳುತ್ತಾಳೆ, ಅವಳಿಗೆ ಉಸಿರು ಇಳಿಯುವುದು ಸ್ವಲ್ಪ ತಡ, ಕಾಯೋಣ ಅಂದರು."

ಆ ಮಾತು ಕೇಳಿ ನಾನು ಗೋಡೆಗೆ ಒರಗಿ ಕೂತೆ. ಮಾಸ್ಟರ್ ಕಾದರು. ಕಾದು ಕಾದು ಹೋದರು.

ತೇನು ಎದ್ದು ಮೂಲೆಯ ಕಪಾಟು ತೆರೆದಳು. ಕೆಳಗಿನ ಅರೆಯಲ್ಲಿ ಹಳೆಯ ಸೀರೆಯಲ್ಲಿ ಸುತ್ತಿಟ್ಟ ಕ್ಲಾರಿನೆಟ್ ಇತ್ತು. ಅದನ್ನು ಮುಟ್ಟಲಿಲ್ಲ. ಮೇಲಿನ ಅರೆಯಿಂದ ತಾಯಿ ತಂದಿಟ್ಟಿದ್ದ ಬನಿಯನ್ನುಗಳನ್ನು ತೆಗೆದು ಎಣಿಸಿದಳು. ಹತ್ತು. ಪುಸ್ತಕಗಳನ್ನು ಸರಿಸಿ ಚಾಪೆಯ ಮೇಲೆ ಅಂಗಾತ ಮಲಗಿ, ಅಡುಕನ್ನು ತಾನೇ ಹೊಟ್ಟೆಯ ಮೇಲಿಟ್ಟುಕೊಂಡಳು.

"ನಾನಾಗಿ ಎಳೆದುಕೊಂಡರೆ ಅರ್ಧಕ್ಕೆ ನಿಲ್ಲುತ್ತದೆ" ಎಂದಳು, ಶೀಟಿನ ಸೂರನ್ನು ನೋಡುತ್ತ. "ನೀವು ಹೇಳಿ ಅಕ್ಕಾ. ಆವತ್ತು ಹೇಳಿದ ಹಾಗೆ ಬೇಡ. ಮಾಸ್ಟರ್ ಹೇಳುವ ಹಾಗೆ."

ಒಂದು ವರ್ಷದಿಂದ ನಾನು ಆ ಮಾತನ್ನು ಆಡಿರಲಿಲ್ಲ. ಬಸ್ಸಿನಲ್ಲಿ ನಮ್ಮ ಸ್ಟಾಪು ಬಂದರೆ ಅಮ್ಮನಿಗೂ ಬೇರೆ ಮಾತಿನಲ್ಲಿ ಸುತ್ತಿ ಹೇಳುತ್ತಿದ್ದೆ. ಒಳಗೆ ನಲ್ಲಿಯ ಸದ್ದು ನಿಂತಿತ್ತು. ತಾಯಿ ಒದ್ದೆ ಕೈಯಲ್ಲಿ ಬಾಗಿಲಿಗೆ ಬಂದು ನಿಂತಿದ್ದರು. ಬೇಡ ಎನ್ನಲಿಲ್ಲ.

ನಾನು ಅವಳಿಗೆ ಬೆನ್ನು ಹಾಕಲಿಲ್ಲ. ನನಗೆ ಅಷ್ಟು ಧೈರ್ಯವಿಲ್ಲ. ಅವಳ ಮುಖ ನೋಡಿಕೊಂಡೇ ಹೇಳಿದೆ.

"ಇಳಿ."

ಏನೂ ಆಗಲಿಲ್ಲ. ಬನಿಯನ್ನುಗಳು ಅಲುಗಲಿಲ್ಲ. ಇನ್ನೊಂದು ಸಲ ಹೇಳಬೇಕೆಂದು ಗಂಟಲು ಕೇಳುತ್ತಿತ್ತು, ಹಲ್ಲು ಕಚ್ಚಿಕೊಂಡೆ. ತೇನು ತಲೆ ಹೊರಳಿಸಿ ನನ್ನನ್ನು ನೋಡಿದಳು. ಯಾರು ಹೇಳಿದರು ಎಂದು ನೋಡಿದಳು. ಬಾಗಿಲಲ್ಲಿದ್ದ ತಾಯಿಯನ್ನು ನೋಡಿದಳು. ಆಮೇಲೆ ಮತ್ತೆ ಸೂರಿನ ಕಡೆ ತಿರುಗಿ ಕಣ್ಣು ಮುಚ್ಚಿದಳು.

ಮೇಲಿನ ಬನಿಯನ್ನು ಜಾರಿ ನೆಲಕ್ಕೆ ಬಿತ್ತು.